ಮೈಕಕ್ಕನ ಕೈತೋಟಕ್ಕೆ ಬಂದ ಕಾಗೆಗಳು

ಬಾಗಿಲ ಮುಂದಿನ ಕಾಲೊರಸನ್ನು ಕಾಗೆಯೊಂದು ಕಾಲಲ್ಲಿ ಒತ್ತಿ ಹಿಡಿದು ನಾರು ಕೀಳುತ್ತಿರುವುದು ಅಡುಗೆಮನೆಯ ಕಿಟಕಿಯಿಂದ ಮೈಕಕ್ಕನಿಗೆ ಕಾಣಿಸಿತು. ಕಾಲೊರಸು ಹೊಸದು. ಕೈಯಲ್ಲಿದ್ದ ಸೌಟನ್ನು ಎತ್ತಿಕೊಂಡೇ ಅವಳು ಹೊರಗೆ ಓಡಿ, "ಏಯ್!" ಎನ್ನಲು ಬಾಯಿ ತೆರೆದಳು. ಬಾಯಿಂದ ಬಂದದ್ದು ಬರೀ ಗಾಳಿ. ಕಾಗೆ ಕತ್ತು ಓರೆ ಮಾಡಿ ಅವಳನ್ನೊಮ್ಮೆ ನೋಡಿತು. ಕೊಕ್ಕಿನ ಎರಡೂ ಕಡೆ ನಾರು ಮೀಸೆಯಂತೆ ಇಳಿಬಿದ್ದಿತ್ತು. ಕ್ಯಾರೇ ಎನ್ನದೆ ಇನ್ನೊಂದು ಎಳೆ ಕಿತ್ತುಕೊಂಡು, ಕಾಂಪೌಂಡಿನ ಮೇಲೆ ಕೂತಿದ್ದ ಇನ್ನೊಂದು ಕಾಗೆಯ ಜೊತೆ ಹಾರಿಹೋಯಿತು.

ಮೈಕಕ್ಕ ಸೌಟು ಕೆಳಗಿಳಿಸಿ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಒಂದು ಕಾಗೆಯನ್ನೂ ಗದರಿಸಲಾಗದ ಸ್ಥಿತಿಗೆ ಬಂದುಬಿಟ್ಟೆನಲ್ಲ ಎನಿಸಿ ಅವಳ ಕಣ್ಣು ಮಂಜಾಯಿತು.

ಮೈಕಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಬಸ್‌ಸ್ಟ್ಯಾಂಡಿನಲ್ಲಿ ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಯಾವುದು ತಡ, ಯಾವುದು ರದ್ದು ಎಂದು ಮೈಕಿನಲ್ಲಿ ಕೂಗುವುದು ಅವಳ ಕೆಲಸವಾಗಿತ್ತು. ಗಾಜಿನ ಕಿಟಕಿಯ ಸಣ್ಣ ಕೋಣೆ, ಮೇಜಿನ ಮೇಲೊಂದು ಮೈಕು, ಬಿಸಿನೀರಿನ ಫ್ಲಾಸ್ಕು, ಬೆನ್ನ ಹಿಂದೆ ಕಿರುಗುಟ್ಟುವ ಫ್ಯಾನು. ಪ್ರಾಯವೆಲ್ಲ ಅಲ್ಲೇ ಕಳೆಯಿತು. ಅವಳ ಮುಖ ಕಂಡವರು ಕಡಿಮೆ, ದನಿ ಕೇಳದವರು ಊರಲ್ಲೇ ಇರಲಿಲ್ಲ. ತರಕಾರಿಯವನ ಹತ್ತಿರ ಬಾಯಿ ತೆರೆದರೆ ಸಾಕು, "ಅಯ್ಯೋ, ನೀವೇನಾ ಬಸ್‌ಸ್ಟ್ಯಾಂಡಿನವರು!" ಎಂದು ಪಕ್ಕದವರು ತಿರುಗಿ ನೋಡುತ್ತಿದ್ದರು. ಮದುವೆಯ ಮಾತು ಬಂದಾಗಲೆಲ್ಲ ಒಂದಲ್ಲ ಒಂದು ಶಿಫ್ಟು ಅಡ್ಡ ಬಂತು ಎಂದು ಅವಳೇ ತಮಾಷೆ ಮಾಡುತ್ತಿದ್ದಳು. ಅಮ್ಮ ಇರುವವರೆಗೆ ಮನೆಯಲ್ಲಿ ಇಬ್ಬರಿದ್ದರು. ಅಮ್ಮ ಹೋದ ಮೇಲೆ ಒಬ್ಬಳು.

ಆಮೇಲೆ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ದನಿಯ ನರ ಗಡ್ಡೆಗೆ ಅಂಟಿಕೊಂಡೇ ಇದೆ, ಏನೂ ಹೇಳಲಾಗುವುದಿಲ್ಲ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಗಡ್ಡೆ ಹೋಯಿತು, ಜೀವ ಉಳಿಯಿತು. ದನಿ ಮಾತ್ರ ವಾಪಸು ಬರಲಿಲ್ಲ. ತೂತಾದ ಬಲೂನಿನಿಂದ ಗಾಳಿ ಸೋರಿದಂತೆ ಪಿಸಪಿಸ ಎಂದಷ್ಟೇ ಮಾತು. ಬೆಳಿಗ್ಗೆ ಗೋಡೆಗೆ ಅಂಗೈ ಒತ್ತಿ "ಆ" ಎಂದು ಎಳೆಯುವ ವ್ಯಾಯಾಮವೊಂದನ್ನು ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದರು. ಕೆಲವು ದಿನ ಮಾಡಿದಳು. ಯಾರ ಜೊತೆ ಮಾತಾಡಲಿಕ್ಕೆ ಎನಿಸಿದ ದಿನ ಬಿಟ್ಟಳು.

ಕಚೇರಿಯವರು ಅವಳನ್ನು ಪ್ರಯಾಣಿಕರು ಮರೆತುಹೋದ ಸಾಮಾನಿನ ಕೋಣೆಗೆ ಹಾಕಿದರು. ಛತ್ರಿ, ಟಿಫಿನ್ ಡಬ್ಬಿ, ಒಂಟಿ ಚಪ್ಪಲಿಗಳ ನಡುವೆ ಕೂರುವುದು ಅಷ್ಟೇನೂ ಕಷ್ಟವಾಗಿರಲಿಲ್ಲ. ಕಷ್ಟ ಇದ್ದದ್ದು ತಲೆಯ ಮೇಲೆ. ಆಪರೇಷನ್ನಿಗೆ ಮುಂಚೆ ಅವಳ ದನಿಯಲ್ಲೇ ಎಲ್ಲ ಬಸ್ಸುಗಳ ಘೋಷಣೆಯನ್ನೂ ರೆಕಾರ್ಡ್ ಮಾಡಿಟ್ಟುಕೊಂಡಿದ್ದರು. "ಪ್ರಯಾಣಿಕರ ಗಮನಕ್ಕೆ..." ಎಂದು ಅವಳದೇ ದನಿ, ತುಂಬಿದ ಕೊಡದಂಥ ದನಿ, ಸ್ಪೀಕರಿನಿಂದ ಕೇಳುತ್ತಲೇ ಇತ್ತು. ಒಂದು ದಿನ ಬ್ಯಾಗು ಕಳೆದುಕೊಂಡವನೊಬ್ಬ ಬಂದ. ಬ್ಯಾಗಿನ ಬಣ್ಣ ಯಾವುದೆಂದು ಅವಳು ಕೇಳಿದರೆ ಅವನಿಗೆ ತಿಳಿಯಲೇ ಇಲ್ಲ.

"ಸ್ವಲ್ಪ ಗಟ್ಟಿಯಾಗಿ ಹೇಳಿ ಮೇಡಂ," ಎಂದ ಅವನು, ಸ್ಪೀಕರಿನ ಕಡೆ ಕೈ ತೋರಿಸುತ್ತ. "ಆ ಹೆಂಗಸು ಬಾಯಿ ಮುಚ್ಚೋದೇ ಇಲ್ಲ ನೋಡಿ."

ಆ ವಾರವೇ ಅವಳು ಸ್ವಯಂ ನಿವೃತ್ತಿ ಬರೆದುಕೊಟ್ಟು ಮನೆ ಸೇರಿದಳು. ಆಮೇಲೆ ಬಸ್‌ಸ್ಟ್ಯಾಂಡಿನ ದಾರಿಯನ್ನೇ ತುಳಿಯಲಿಲ್ಲ.

ಮನೆಯಲ್ಲಿ ಕೂತ ಮೇಲೆ ಅವಳಿಗೆ ಒಂದು ವಿಚಿತ್ರ ತಿಳಿಯಿತು. ಪಿಸುದನಿಯಲ್ಲಿ ಮಾತಾಡಿದರೆ ಎದುರಿನವರೂ ಪಿಸುಗುಡುತ್ತಾರೆ. ಅಂಗಡಿಯವನು ಗಲ್ಲಾಪೆಟ್ಟಿಗೆಯ ಮೇಲಿಂದ ಬಗ್ಗಿ, ಗುಟ್ಟು ಹೇಳುವವನಂತೆ, "ಸಕ್ಕರೆ ಅರ್ಧ ಕೆಜಿನಾ?" ಎಂದು ಉಸುರುತ್ತಿದ್ದ. ಮೊದಮೊದಲು ನಗು ಬರುತ್ತಿತ್ತು. ಬರಬರುತ್ತ, ಎಲ್ಲರೂ ತನ್ನನ್ನು ಯಾವಾಗಲೂ ರೋಗಿಯ ಕೋಣೆಯಲ್ಲೇ ನಿಲ್ಲಿಸಿಬಿಟ್ಟಿದ್ದಾರೆ ಎನಿಸತೊಡಗಿತು. "ಏನಂದ್ರಿ?" ಎಂದು ಯಾರಾದರೂ ಕೇಳಿದರೆ, ಏನಿಲ್ಲ ಎಂದು ಕೈಯಾಡಿಸಿ ಬಂದುಬಿಡುತ್ತಿದ್ದಳು. ಬೇರೆ ಊರಲ್ಲಿದ್ದ ತಂಗಿ ಫೋನ್ ಮಾಡಿದರೆ ಹೌದು ಎನ್ನಲು ಒಂದು ಸಲ, ಇಲ್ಲ ಎನ್ನಲು ಎರಡು ಸಲ ಉಗುರಿನಿಂದ ಫೋನು ತಟ್ಟುವುದು ಎಂದು ಒಪ್ಪಂದವಾಗಿತ್ತು. "ಊಟ ಆಯ್ತಾ ಅಕ್ಕಾ?" ಟಕ್. "ಔಷಧಿ ತಗೊಂಡ್ಯಾ?" ಟಕ್. "ಬೇಜಾರಾಗ್ತಿದ್ಯಾ?" ಟಕ್ ಟಕ್. ಹೀಗೆ ಎಷ್ಟು ಹೊತ್ತು ಮಾತಾಡಲಾದೀತು? ತಂಗಿಗೂ ಸಂಸಾರವಿತ್ತು. ಫೋನುಗಳ ನಡುವಿನ ದಿನಗಳು ಹೆಚ್ಚಾದವು.

ಕಾಲೊರಸಿನ ನಾರು ಕಿತ್ತ ಮಾರನೆಯ ದಿನ ಕಾಗೆಗಳು ಮತ್ತೆ ಬಂದವು. ಈ ಸಲ ಮೈಕಕ್ಕ ಸೌಟು ಹಿಡಿದು ಓಡಲಿಲ್ಲ. ಕಿಟಕಿಯ ಬಳಿ ಸ್ಟೂಲು ಎಳೆದುಕೊಂಡು ಕೂತಳು.

ಕೈತೋಟ ಎಂದರೆ ದೊಡ್ಡದೇನಲ್ಲ. ಮೂಲೆಯಲ್ಲೊಂದು ಬಾದಾಮಿ ಮರ, ಬಾವಿಕಟ್ಟೆಯಷ್ಟಗಲದ ಜಾಗದಲ್ಲಿ ನಿಂಬೆ ಗಿಡ, ಗೋಡೆಯುದ್ದಕ್ಕೂ ಕಾಗದದ ಹೂವಿನ ಬಳ್ಳಿ, ಒಂದಷ್ಟು ಕುಂಡಗಳು, ಬಟ್ಟೆ ಒಣಗಿಸುವ ತಂತಿ. ಎರಡರಲ್ಲಿ ಒಂದು ಕಾಗೆ ಮಾತ್ರ ದುಡಿಯುತ್ತಿತ್ತು. ಬಳ್ಳಿಯ ಒಣಕಡ್ಡಿಯನ್ನು ಕೊಕ್ಕಿನಲ್ಲಿ ಹಿಡಿದು, ಹಿಂದೆ ಮುಂದೆ ತಿರುವಿ, ಮುರಿದು, ಉದ್ದ ಸರಿಬರದಿದ್ದರೆ ಥೂ ಎಂದು ಬಿಸಾಡುತ್ತಿತ್ತು. ಕೆಳಗೆ ಬಿದ್ದ ಕಡ್ಡಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಇನ್ನೊಂದು ಎದೆ ಸೆಟೆಸಿಕೊಂಡು ಕಾಂಪೌಂಡಿನ ಮೇಲೆ ಅತ್ತಿಂದಿತ್ತ ಓಡಾಡುತ್ತಿತ್ತು, ನಡುನಡುವೆ ಕಾ ಎಂದು ಸಲಹೆ ಕೊಡುತ್ತಿತ್ತು. ದುಡಿಯುವುದಕ್ಕೆ ಮೈಕಕ್ಕ ಮೇಸ್ತ್ರಿ ಎಂದು ಹೆಸರಿಟ್ಟಳು. ಸುಮ್ಮನೆ ತಿರುಗುವುದು ಓವರ್‌ಸಿಯರ್. ಹೆಸರಿಟ್ಟ ಮೇಲೆ ತನ್ನಷ್ಟಕ್ಕೆ ತಾನೇ ನಕ್ಕಳು. ಆ ಮನೆಯೊಳಗೆ ಅವಳು ನಕ್ಕು ಎಷ್ಟು ಕಾಲವಾಗಿತ್ತೋ.

ಅಂದಿನಿಂದ ಅವಳ ದಿನಕ್ಕೊಂದು ಆಕಾರ ಬಂತು. ಬೆಳಕು ಹರಿಯುತ್ತಲೇ ಎದ್ದು, ಕಾಫಿ ಲೋಟ ಹಿಡಿದು ಕಿಟಕಿಗೆ ಬರುತ್ತಿದ್ದಳು. ಹಳೆಯ ದಿಂಬಿನ ಹತ್ತಿ, ಗೋಣಿಚೀಲದ ಎಳೆ, ಬಾಚಣಿಗೆಯಲ್ಲಿ ಸಿಕ್ಕಿದ ಕೂದಲು, ಕತ್ತರಿಸಿದ ಕಡ್ಡಿಗಳನ್ನೆಲ್ಲ ತಟ್ಟೆಯಲ್ಲಿ ಜೋಡಿಸಿ ನಿಂಬೆ ಗಿಡದ ಬುಡದಲ್ಲಿಟ್ಟಳು. ಅಷ್ಟು ಅಚ್ಚುಕಟ್ಟಾಗಿ ಕೊಟ್ಟದ್ದನ್ನು ಕಾಗೆಗಳು ಮೂಸಿಯೂ ನೋಡಲಿಲ್ಲ. ಅದರ ಬದಲು ತಂತಿಗೆ ನೇತುಹಾಕಿದ್ದ ಹ್ಯಾಂಗರನ್ನು ಮೇಸ್ತ್ರಿ ಹೊತ್ತೊಯ್ದಿತು. ಕುಂಡಕ್ಕೆ ಸುತ್ತಿದ್ದ ತಾಮ್ರದ ತಂತಿ ಬಿಚ್ಚಿತು. ನೆಲ ಒರೆಸುವ ಬಟ್ಟೆಯ ಜುಂಗು ಕಿತ್ತಿತು. ಮೈಕಕ್ಕ ಉಪಾಯ ಮಾಡಿ ತಟ್ಟೆ ತೆಗೆದು, ಅವೇ ಸಾಮಾನನ್ನು ಗೋಡೆಯ ಸಂದಿಯಲ್ಲಿ, ಬಳ್ಳಿಯ ನಡುವೆ ಬಚ್ಚಿಟ್ಟ ಹಾಗೆ ಸಿಕ್ಕಿಸಿದಳು. ಕದ್ದು ಒಯ್ಯುವ ಖುಷಿ ಸಿಕ್ಕ ಮೇಲೆ ಒಂದೂ ಉಳಿಯಲಿಲ್ಲ.

ಎಲ್ಲಿಗೆ ಒಯ್ಯುತ್ತವೆ ಎಂದು ನೋಡಲು ಒಂದು ಬೆಳಿಗ್ಗೆ ಅವಳು ತಾರಸಿ ಹತ್ತಿದಳು. ಬೀದಿಯ ತಿರುವಿನಲ್ಲಿ ವಿದ್ಯುತ್ ಕಂಬವಿತ್ತು. ಅದರ ಅಡ್ಡಪಟ್ಟಿಯ ಮೇಲೆ, ತಂತಿಗಳ ನಡುವೆ, ಕಡ್ಡಿಯ ಗುಡ್ಡೆಯೊಂದು ಕಂಡಿತು. ಅವಳ ಹ್ಯಾಂಗರಿನ ಕೊಕ್ಕೆ ಬಿಸಿಲಿಗೆ ಹೊಳೆಯುತ್ತಿತ್ತು. ಇದು ನಿಲ್ಲುವ ಗೂಡಲ್ಲ ಎಂದು ಗೊತ್ತಾಯಿತು. ಆದರೂ ಕೆಳಗಿಳಿದು ಬಂದವಳು ಬಳ್ಳಿಯಲ್ಲಿ ಇನ್ನಷ್ಟು ನಾರು ಸಿಕ್ಕಿಸಿದಳು. ಬೇರೇನು ಮಾಡಬೇಕೆಂದು ಅವಳಿಗೆ ತೋಚಲಿಲ್ಲ.

ಆಮೇಲೆ ಕಾಗೆಗಳ ಓಡಾಟ ಕಡಿಮೆಯಾಯಿತು. ಮೇಸ್ತ್ರಿ ಬರುವುದೇ ನಿಂತಿತು. ಓವರ್‌ಸಿಯರ್ ಮಾತ್ರ ಒಮ್ಮೊಮ್ಮೆ ಬಂದು, ಅವಳು ಎಸೆದ ಬ್ರೆಡ್ಡಿನ ಚೂರನ್ನು ಗಂಟಲಲ್ಲಿ ತುಂಬಿಕೊಂಡು ಕಂಬದ ಕಡೆ ಹೋಗುತ್ತಿತ್ತು. ಮೈಕಕ್ಕ ಸ್ಟೂಲಿನ ಮೇಲೆ ಕೂತು ಖಾಲಿ ಕೈತೋಟ ನೋಡುತ್ತಿದ್ದಳು. ಮಧ್ಯಾಹ್ನಗಳು ಮತ್ತೆ ಉದ್ದವಾದವು.

ಬೀದಿಯಲ್ಲಿ ಕರೆಂಟು ಹೋಗತೊಡಗಿದ್ದು ಆಗಲೇ. ಗಾಳಿ ಬೀಸಿದರೆ ಗೂಡಿದ್ದ ಕಂಬದಲ್ಲಿ ಪಟ್ ಎಂದು ಕಿಡಿ, ಆಮೇಲೆ ಕತ್ತಲೆ. ಮೂರನೆಯ ಸಲ ಹೋದಾಗ ಪಕ್ಕದ ಮನೆಯ ಟೈಲರಮ್ಮ ಕೊರಳಲ್ಲಿ ಟೇಪು ನೇತಾಡಿಸಿಕೊಂಡು ನೇರ ಬಾಗಿಲಿಗೇ ಬಂದಳು. ಮನೆಯ ಮುಂಭಾಗದ ಕೋಣೆಯಲ್ಲಿ ಎರಡು ಮೋಟರ್ ಮೆಷಿನ್ನು ಇಟ್ಟುಕೊಂಡು ಹೊಲಿಯುವವಳು ಅವಳು. ವರ್ಷಗಳಿಂದ ಪಕ್ಕದಲ್ಲೇ ಇದ್ದರೂ ಇಬ್ಬರ ನಡುವೆ ಗೇಟಿನಾಚೆ ಮಾತು ಬೆಳೆದಿರಲಿಲ್ಲ.

"ಅಕ್ಕಾ, ನೀವೇನೂ ತಪ್ಪು ತಿಳ್ಕೋಬೇಡಿ," ಎಂದು ಶುರು ಮಾಡಿದವಳು ತಪ್ಪು ತಿಳಿಯುವಂತೆಯೇ ಮುಂದುವರಿಸಿದಳು. "ನಿಮ್ಮ ಕಾಗೆಗಳಿಂದ ನನ್ನ ತಲೆ ಕೆಟ್ಟು ಹೋಗಿದೆ. ನೀವು ಅವಕ್ಕೆ ತಂತಿ ಕೊಡೋದನ್ನ ನಾನೇ ಕಣ್ಣಾರೆ ನೋಡಿದೀನಿ. ಶಾಲೆಯ ಯೂನಿಫಾರಂ ಅಷ್ಟೂ ಹಾಗೇ ಬಿದ್ದಿದೆ. ಮೆಷಿನ್ ಓಡದೆ ನಾನು ಬಾಯಲ್ಲಿ ಹೊಲೀಲಾ?"

ಕೊಟ್ಟದ್ದಲ್ಲ, ಅವೇ ಒಯ್ದದ್ದು ಎಂದು ಮೈಕಕ್ಕ ಹೇಳಲು ನೋಡಿದಳು.

"ಏನಂದ್ರಿ?"

ಮೈಕಕ್ಕ ಕೈಯಾಡಿಸಿದಳು. ಟೈಲರಮ್ಮನಿಗೆ ಆ ಕೈಯಾಟ ಅಹಂಕಾರದಂತೆ ಕಂಡಿರಬೇಕು. ಮುಖ ಊದಿಸಿಕೊಂಡು ಹೋದವಳು ವಿದ್ಯುತ್ ಕಚೇರಿಗೆ ಫೋನ್ ಮಾಡಿದಳು.

ಮಾರನೆಯ ಬೆಳಿಗ್ಗೆ ಲೈನ್‌ಮನ್ ಬಂದ. ಲೈನು ಆಫ್ ಮಾಡಿಸಿ, ಏಣಿ ಒರಗಿಸಿ, ಹೆಲ್ಮೆಟ್ಟು ಹಾಕಿಕೊಂಡು ಹತ್ತತೊಡಗಿದ. ಅವನು ಅರ್ಧ ಏರುವಷ್ಟರಲ್ಲಿ ಎಲ್ಲಿಂದಲೋ ಹತ್ತಾರು ಕಾಗೆಗಳು ಸೇರಿ ಆಕಾಶ ಕಪ್ಪಾಯಿತು. ಮೇಸ್ತ್ರಿ ಗೂಡು ಬಿಟ್ಟೆದ್ದು ನೇರ ಅವನ ಹೆಲ್ಮೆಟ್ಟಿಗೇ ಎರಗಿತು. ಕೂಗಾಟ ಕೇಳಿ ಮೈಕಕ್ಕ ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡಿದಳು. ಕಂಬದ ಬುಡದಲ್ಲಿ ಟೈಲರಮ್ಮ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಮೇಲಕ್ಕೆ ನೋಡುತ್ತ ನಿಂತಿದ್ದಳು.

"ಎರಡು ಮೊಟ್ಟೆ ಇದೆ!" ಲೈನ್‌ಮನ್ ಮೇಲಿನಿಂದ ಕೂಗಿದ. "ಏನ್ಮಾಡ್ಲಿ? ಕೆಡವಿಬಿಡ್ಲಾ?"

ಮೈಕಕ್ಕ ಬೇಡ ಎಂದು ಕೂಗಿದಳು. ಕೂಗಿದೆ ಎಂದುಕೊಂಡಳು ಅಷ್ಟೆ. ಎರಡೂ ಕೈ ಎತ್ತಿ ಬೀಸಿದಳು. ಕಾಗೆಗಳಿಂದ ಮುಖ ಮುಚ್ಚಿಕೊಂಡಿದ್ದ ಅವನಿಗೆ ಅದು ಕಾಣಲಿಲ್ಲ. ಅವನ ಕೈಯ ಕೋಲು ಗೂಡಿನ ಅಡಿಗೆ ಹೋಯಿತು. ಟೈಲರಮ್ಮನ ತೋಳು ಹಿಡಿದು ಎಳೆದು, ಅವಳ ಕಿವಿಗೆ ಬಾಯಿ ಹಚ್ಚಿ ಹೇಳಿದಳು.

ಟೈಲರಮ್ಮ ಒಂದು ಕ್ಷಣ ಬೆಚ್ಚಿದಳು. ಆಮೇಲೆ ಕತ್ತೆತ್ತಿ, "ಗೂಡು ಬೀಳಿಸಬೇಡಿ!" ಎಂದು ಅರಚಿದಳು. ಬೀದಿಯ ಆ ತುದಿಗೂ ಕೇಳುವಂಥ ಗಂಟಲು ಅವಳದು.

ಕೋಲು ನಿಂತಿತು. "ಮತ್ತೇನ್ಮಾಡ್ಲಿ? ಇಲ್ಲಿ ಬಿಡೋ ಹಾಗಿಲ್ಲ."

ಮೈಕಕ್ಕ ಮತ್ತೆ ಕಿವಿಗೆ ಬಗ್ಗಿದಳು. ಗಾಬರಿಯಲ್ಲಿ ಅವಳ ನಾಲಿಗೆಗೆ ಬಂದದ್ದು ಹಳೆಯ ರೂಢಿಯ ಮಾತು. ಟೈಲರಮ್ಮ ಒಂದಕ್ಷರವನ್ನೂ ಬಿಡದೆ ಹಾಗೆಯೇ ಕೂಗಿದಳು.

"ದಯವಿಟ್ಟು ಗಮನಿಸಿ! ಗೂಡನ್ನು ಇಡಿಯಾಗಿ ಚೀಲದಲ್ಲಿ ಇಳಿಸಬೇಕಾಗಿ ವಿನಂತಿ! ಮೊಟ್ಟೆಗಳ ಸುರಕ್ಷತೆಯನ್ನು..." ಅಲ್ಲಿಗೆ ನಿಂತು ತಿರುಗಿ ಕೇಳಿದಳು, "ಇದೇನಕ್ಕಾ, ಯಾರು ಮಾತಾಡ್ತಾರೆ ಹೀಗೆ?"

ಮೇಲಿದ್ದವನಿಗೂ ನಗು ಬಂತು. "ಆಯ್ತಮ್ಮ, ಬಸ್ಸು ಪ್ಲಾಟ್‌ಫಾರ್ಮಿಗೆ ಬರ್ತಿದೆ," ಎನ್ನುತ್ತ ಅವನು ಗೂಡನ್ನು ಕಂಬಕ್ಕೆ ಸಿಕ್ಕಿಸಿದ್ದ ತಂತಿಯ ಚೂರುಗಳನ್ನು ಇಕ್ಕಳದಿಂದ ಒಂದೊಂದಾಗಿ ಕತ್ತರಿಸಿ, ಗೂಡನ್ನು ಸಾಮಾನಿನ ಚೀಲದಲ್ಲಿಟ್ಟು, ಹಗ್ಗಕ್ಕೆ ಕಟ್ಟಿ ನಿಧಾನವಾಗಿ ಇಳಿಬಿಟ್ಟ. ಮೈಕಕ್ಕ ಸೆರಗೊಡ್ಡಿ ನಿಂತು ಹಿಡಿದುಕೊಂಡಳು.

ಅವಳು ಗೂಡಿನೊಳಗೆ ಇಣುಕಿದಳು. ಹೊರಗೆ ತಂತಿ, ಮುಳ್ಳುಕಡ್ಡಿ. ಒಳಗೆ ಮಾತ್ರ ಮೆತ್ತಗೆ: ಕಾಲೊರಸಿನ ನಾರು, ದಿಂಬಿನ ಹತ್ತಿ, ಅವಳದೇ ಬೆಳ್ಳಿಗೂದಲಿನ ಸುರುಳಿ. ಅದರ ನಡುವೆ ಕಂದು ಚುಕ್ಕೆಯ ಎರಡು ತಿಳಿನೀಲಿ ಮೊಟ್ಟೆ. ಮುಟ್ಟಿದರೆ ಬೆಚ್ಚಗಿದ್ದವು.

ಲೈನ್‌ಮನ್ನೇ ಏಣಿ ತಂದು ಬಾದಾಮಿ ಮರದ ಕವೆಯಲ್ಲಿ ಗೂಡಿಟ್ಟು ಕಟ್ಟಿಕೊಟ್ಟ. "ಬಂದ್ರೆ ಬರಬಹುದು," ಎಂದ, ಕೈ ಕೊಡವುತ್ತ. ಆ ಮಾತನ್ನು ಅವನೂ ನಂಬಿದಂತಿರಲಿಲ್ಲ.

ಆ ದಿನವೆಲ್ಲ ಮೈಕಕ್ಕ ಕಿಟಕಿ ಬಿಟ್ಟು ಕದಲಲಿಲ್ಲ. ಎರಡೂ ಕಾಗೆಗಳು ಖಾಲಿ ಕಂಬದ ಸುತ್ತ ಸುತ್ತುತ್ತಲೇ ಇದ್ದವು. ಇಳಿಹೊತ್ತಿಗೆ ಮೇಸ್ತ್ರಿ ಬಾದಾಮಿ ಮರಕ್ಕೆ ಬಂತು. ಕೊಂಬೆಯಿಂದ ಕೊಂಬೆಗೆ ಇಳಿದು ಗೂಡಿನ ಅಂಚಿನಲ್ಲಿ ಕೂತು, ಕತ್ತು ಬಗ್ಗಿಸಿ ಒಳಗೆ ನೋಡಿತು. ಕೂರು, ಕೂರು ಎಂದು ಮೈಕಕ್ಕನ ತುಟಿ ಅಲ್ಲಾಡುತ್ತಿತ್ತು. ಕಾಗೆ ಬಹಳ ಹೊತ್ತು ಹಾಗೇ ನೋಡಿತು. ಆಮೇಲೆ ಎದ್ದು ಹಾರಿಹೋಯಿತು.

ಮರುದಿನ ಏಣಿ ಹಾಕಿ ಮುಟ್ಟಿ ನೋಡಿದಾಗ ಒಂದು ಮೊಟ್ಟೆ ಇರಲಿಲ್ಲ. ಇನ್ನೊಂದು ಕಲ್ಲಿನಂತೆ ತಣ್ಣಗಿತ್ತು. ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಬಿಸಿಯಾದೀತೇನೋ ಎಂದು ಸುಮಾರು ಹೊತ್ತು ಏಣಿಯ ಮೇಲೇ ನಿಂತಿದ್ದಳು. ಕೊನೆಗೆ ನಿಂಬೆ ಗಿಡದ ಬುಡದಲ್ಲಿ ಮಣ್ಣು ಕೆದಕಿ ಮುಚ್ಚಿದಳು. ಒಳಗೆ ಬಂದು ಅನ್ನಕ್ಕಿಟ್ಟು, ಒಲೆ ಹಚ್ಚುವುದನ್ನೇ ಮರೆತು ಕೂತಳು. ತಾನು ಸುಮ್ಮನಿದ್ದಿದ್ದರೆ ಅವು ಬೇರೆಲ್ಲೋ ಹೋಗಿ ಕಟ್ಟುತ್ತಿದ್ದವೇನೋ. ತಂತಿ ಒಯ್ದಾಗ ತಡೆದಿದ್ದರೆ? ತನ್ನ ಮನಸ್ಸಿನ ಖುಷಿಗೆ ಅವುಗಳ ಸಂಸಾರ ಹಾಳು ಮಾಡಿದೆನೇ? ಕೇಳಿಕೊಳ್ಳಲು ಆ ಮನೆಯಲ್ಲಿ ಇನ್ನೊಂದು ಜೀವವಿರಲಿಲ್ಲ. ಗೋಡೆಯಾಚೆ ಟೈಲರಮ್ಮನ ಮೆಷಿನ್ನು ಸರಾಗವಾಗಿ ಓಡುತ್ತಿತ್ತು.

ಸಂಜೆ ಆ ಸದ್ದು ನಿಂತಿತು, ಗೇಟು ಕಿರುಗುಟ್ಟಿತು. ಟೈಲರಮ್ಮ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ನಿಂತಿದ್ದಳು. ಚೀಲದ ತುಂಬ ಬಣ್ಣಬಣ್ಣದ ಬಟ್ಟೆಯ ಚೂರು, ದಾರದ ತುಂಡು.

"ಕಾಗೆಗಳು ಮೊಟ್ಟೆ ಮೇಲೆ ಕೂತ್ವಾ ಅಕ್ಕಾ?"

ಮೈಕಕ್ಕ ಇಲ್ಲವೆಂದು ತಲೆಯಲ್ಲಾಡಿಸಿದಳು.

ಟೈಲರಮ್ಮ ಚೀಲವನ್ನು ಏನು ಮಾಡುವುದೆಂದು ತೋಚದೆ ಕೈ ಬದಲಿಸಿದಳು. "ನಾನು ಫೋನ್ ಮಾಡಿದ್ದು ಮೊಟ್ಟೆ ಇದೆ ಅಂತ ಗೊತ್ತಿದ್ದು ಅಲ್ಲ," ಎಂದಳು. ಮೆಟ್ಟಿಲ ಮೇಲೆ ಕೂತಳು. ಅವಳು ಪಿಸುಗುಡುತ್ತಿರಲಿಲ್ಲ. ಮೆಷಿನ್ನಿನ ಸದ್ದಿನ ನಡುವೆ ಮಾತಾಡಿ ಅಭ್ಯಾಸವಾದವಳು, ಸಂತಾಪವನ್ನೂ ಗಟ್ಟಿಯಾಗಿಯೇ ಹೇಳುತ್ತಿದ್ದಳು. ಮೈಕಕ್ಕನಿಗೆ ಅದು ಹಿತವಾಯಿತು.

ಕೆಲವು ದಿನ ಕಳೆದು, ಒಂದು ಬೆಳಿಗ್ಗೆ ಬಾದಾಮಿ ಮರದಲ್ಲಿ ಟಿಣ್ ಎಂದು ಸದ್ದಾಯಿತು. ಮೈಕಕ್ಕ ಕಿಟಕಿಗೆ ಓಡಿದಳು. ಮೇಸ್ತ್ರಿ! ಗೂಡಿನ ಅಂಚಿನಲ್ಲಿ ನಿಂತು ಹ್ಯಾಂಗರಿನ ಕೊಕ್ಕೆಯನ್ನು ಎಳೆದಾಡುತ್ತಿತ್ತು. ಓವರ್‌ಸಿಯರ್ ಕಾಂಪೌಂಡಿನ ಮೇಲೆ ಹಾಜರು. ಮೇಸ್ತ್ರಿ ಹ್ಯಾಂಗರು ಬಿಡಿಸಿಕೊಂಡು ಹೋಯಿತು, ಮತ್ತೆ ಬಂತು, ಕೊಕ್ಕಿನ ತುಂಬ ನಾರು ಕಿತ್ತಿತು. ತಾನೇ ಕಟ್ಟಿದ ಗೂಡನ್ನು ಕಡ್ಡಿಕಡ್ಡಿಯಾಗಿ ಬಿಚ್ಚಿ ಬೇರೆಲ್ಲಿಗೋ ಸಾಗಿಸುತ್ತಿತ್ತು. ನೋಡುತ್ತ ನಿಂತ ಮೈಕಕ್ಕನಿಗೆ ಮೊದಲು ಸಿಟ್ಟು ಬಂತು. ಇಷ್ಟೇನಾ? ಇಷ್ಟು ಬೇಗನಾ? ಸಿಟ್ಟಿನ ಜೊತೆಗೇ ಅಳುವೂ ಬಂತು. ಅಳು ಮುಗಿಯುವಷ್ಟರಲ್ಲಿ ಗೂಡು ಅರ್ಧವಾಗಿತ್ತು.

ಟೈಲರಮ್ಮ ಗೋಡೆಯ ಮೇಲಿಂದ ಇಣುಕಿದಳು. "ನೋಡಿದ್ರಾ, ಎಲ್ಲ ಮರೆತುಬಿಟ್ವು!"

"ಮರೆತಿದ್ರೆ ಸಾಮಾನು ಎಲ್ಲಿದೆ ಅಂತ ನೆನಪಿರ್ತಿತ್ತಾ?" ಎಂದಳು ಮೈಕಕ್ಕ.

"ಏನಂದ್ರಿ?"

ಮೈಕಕ್ಕನ ಕೈ ಎಂದಿನಂತೆ ಮೇಲೆದ್ದಿತು. ಅವಳು ಅದನ್ನು ಕೆಳಗಿಳಿಸಿ, ಗೋಡೆಯ ಹತ್ತಿರ ಹೋಗಿ, ಇನ್ನೊಮ್ಮೆ ಹೇಳಿದಳು. ಟೈಲರಮ್ಮ ಯೋಚಿಸಿ, "ಅದೂ ನಿಜವೇ," ಎಂದು ಒಳಗೆ ಹೋದಳು.

ಹೊಸ ಗೂಡು ಎಲ್ಲಿದೆಯೆಂದು ಮೈಕಕ್ಕನಿಗೆ ತಿಳಿಯಲಿಲ್ಲ. ಕಾಗೆಗಳು ನೀರಿನ ಟ್ಯಾಂಕಿನಾಚೆ, ಸಾಲುಮನೆಗಳ ಹಿಂದೆ ಮರೆಯಾಗುತ್ತಿದ್ದವು. ತಾರಸಿಯಿಂದಲೂ ಅಲ್ಲಿಯ ಮರಗಳ ತುದಿ ಮಾತ್ರ ಕಾಣುತ್ತಿತ್ತು. ಬಾದಾಮಿ ಮರದ ಕವೆ ಖಾಲಿಯಾಯಿತು. ಆಮೇಲೆ ಅವು ಬರಲಿಲ್ಲ.

ಬಿಸಿಲು ಕಳೆದು ಮೋಡದ ದಿನಗಳು ಬಂದಾಗ, ಶಾಲೆಯ ಕೆಲಸ ಹೆಚ್ಚಾಯಿತೆಂದು ಟೈಲರಮ್ಮ ಅವಳನ್ನು ಗುಂಡಿ ಹಾಕಲು ಕರೆದಳು. ಮೈಕಕ್ಕ ಮಧ್ಯಾಹ್ನಗಳಲ್ಲಿ ಹೋಗಿ ಕೂರತೊಡಗಿದಳು. ಒಂದು ದಿನ ಟೈಲರಮ್ಮ ಒಳಗಿದ್ದಾಗ ಹುಡುಗಿಯೊಬ್ಬಳು ತನ್ನ ರವಿಕೆ ಸಿದ್ಧವಾಯಿತೇ ಎಂದು ಕೇಳಿಕೊಂಡು ಬಂದಳು. ನಾಳೆ ಬನ್ನಿ, ಕೈ ಹೊಲಿಯುವುದೊಂದು ಉಳಿದಿದೆ ಎಂದಳು ಮೈಕಕ್ಕ. ಹುಡುಗಿ ಕೇಳಿಸದೆ ಮುಂದೆ ಬಗ್ಗಿದಳು. ಮೈಕಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಉಸಿರು ತುಂಬಿಕೊಂಡು, ಇನ್ನೊಮ್ಮೆ ಹೇಳಿದಳು. ಆಗಲೂ ತಿಳಿಯದಿದ್ದಾಗ ಮೂರನೆಯ ಸಲ.

"ಓ, ನಾಳೆನಾ? ಸರಿ ಆಂಟಿ," ಎಂದು ಹುಡುಗಿ ಮಾಮೂಲಿ ದನಿಯಲ್ಲೇ ಹೇಳಿ ಹೋದಳು.

ಸಂಜೆ ಮಳೆ ಹನಿಯುವ ಮೊದಲು ಮೈಕಕ್ಕ ಮನೆಗೆ ಬಂದು ಬೀಗ ತೆಗೆದಳು. ಒಳಗೆ ಎಂದಿನದೇ ಮೌನ. ದೀಪ ಹಾಕಿ, ಕಿಟಕಿ ಮುಚ್ಚಿ, ಒಬ್ಬಳಿಗೆ ಸಾಲುವಷ್ಟು ನೀರನ್ನು ಒಲೆಯ ಮೇಲಿಟ್ಟು, ಅದು ಕುದಿಯುವವರೆಗೆ ಅಲ್ಲೇ ನಿಂತಿದ್ದಳು.